ಮುಂದಕ್ಕಷ್ಟೇ ಯಾಕೆ ದಾಸೋಹ?

ಹೋಳಿಯ ಬಣ್ಣ ಇನ್ನೂ ಗೋಡೆಯ ಮೇಲಿರುವಾಗಲೇ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಒಂದು ಮಾತು ಓಡಾಡತೊಡಗುತ್ತದೆ. "ಹ್ವಾದ ವರ್ಷಕ್ಕಿಂತ ಈ ವರ್ಷ ಹಾದ್ಯಾಗ ಸೇವಾ ಭಾಳ ಐತಂತ್ರಿ. ಇನ್ನೇನ ಅಂಜಿಕಿಲ್ಲ, ನೀವೂ ನಡೀರಿ." ಶ್ರೀಶೈಲದ ಪಾದಯಾತ್ರೆಗೆ ಕರೆಯುವ ಮಾತಿದು. ಇದರಲ್ಲಿ ಮೂರು ಕೊಂಡಿಗಳಿವೆ: ಸೇವೆ ಹೆಚ್ಚಾಗಿದೆ, ಆದ್ದರಿಂದ ಅಪಾಯ ಕಡಿಮೆಯಾಗಿದೆ, ಆದ್ದರಿಂದ ಯಾರು ಬೇಕಾದರೂ ನಡೆಯಬಹುದು. ಮೊದಲನೆಯದು ಕಣ್ಣಿಗೆ ಕಾಣುವ ನಿಜ. ಎರಡನೆಯದನ್ನು ಯಾರೂ ತೂಗಿ ನೋಡಿಲ್ಲ, ಆದರೆ ವೇದಿಕೆಯ ಭಾಷಣದಿಂದ ಚಹಾದಂಗಡಿಯ ಹರಟೆಯವರೆಗೆ ಎಲ್ಲರೂ ಅದನ್ನು ಒಪ್ಪಿಕೊಂಡೇ ಮಾತಾಡುತ್ತಾರೆ. ನನ್ನ ಜಗಳ ಈ ಎರಡನೆಯ ಕೊಂಡಿಯ ಜೊತೆ.

ಜಗಳಕ್ಕೆ ಮುಂಚೆ ಒಂದು ಮಾತು ಬಿಡಿಸಿ ಹೇಳಬೇಕು. ನಾನು ದಾಸೋಹದ ವಿರುದ್ಧ ಬರೆಯುತ್ತಿಲ್ಲ. "ಈಗಿಂದು ಪಾದಯಾತ್ರಿನೇ ಅಲ್ಲ, ಪಿಕ್ನಿಕ್" ಎಂದು ಗೊಣಗುವ ಹಿರಿಯರ ಪಾಳಿಯಲ್ಲೂ ನಿಂತಿಲ್ಲ. ಅವರ ಗೊಣಗಾಟದಲ್ಲಿ ಒಂದು ಸುಳ್ಳು ಅಡಗಿದೆ: ಹಿಂದೆ ಭಕ್ತರು ಯಾರ ಹಂಗೂ ಇಲ್ಲದೆ ನಡೆದರು ಎಂಬ ಸುಳ್ಳು. ಶ್ರೀಶೈಲದ ಬೆಟ್ಟಕ್ಕೆ 14ನೇ ಶತಮಾನದಲ್ಲೇ ಅರಸ ಪ್ರೋಲಯ ವೇಮಾರೆಡ್ಡಿ ಮೆಟ್ಟಿಲು ಕಟ್ಟಿಸಿದ. ದಾರಿಯುದ್ದಕ್ಕೂ ಮಠ, ಬಾವಿ, ಅರವಟಿಗೆಗಳಿದ್ದವು. ನೆರವಿಲ್ಲದೆ ನಡೆದವಳೆಂದರೆ ಅಕ್ಕಮಹಾದೇವಿ. ಅವಳನ್ನು ಅಳತೆಗೋಲಾಗಿ ಇಟ್ಟುಕೊಂಡರೆ ನಮ್ಮ ತಾಲೂಕಿನಿಂದ ಒಬ್ಬರೂ ಹೊರಡಲಾರರು. ಇವತ್ತು ಬನಹಟ್ಟಿಯ ನೇಕಾರ ಮನೆಯ ಹೆಣ್ಣುಮಗಳು ಓಣಿಯ ನಾಲ್ಕು ಜನರ ಜೊತೆ ಧೈರ್ಯದಿಂದ ಹೊರಡುತ್ತಾಳೆಂದರೆ ಅದಕ್ಕೆ ಪೆಂಡಾಲಿನ ದೀಪ, ನೀರಿನ ಟ್ಯಾಂಕರು, ಮಲಗಲು ಹಾಸಿದ ಜಮಖಾನೆ ಕಾರಣ. ಅದನ್ನು ಕಿತ್ತುಕೊಳ್ಳಿ ಎನ್ನುವವನ ಜೊತೆ ನನಗೆ ಮಾತಿಲ್ಲ.

ಆದರೆ ಆ ದೀಪ, ನೀರು, ಜಮಖಾನೆ ದಾರಿಗೆ ಏನು ಮಾಡುತ್ತವೆ ಎಂಬುದನ್ನು ನೋಡೋಣ.

ನಮ್ಮ ರನ್ನ ಬೆಳಗಲಿಯಿಂದ ಶ್ರೀಶೈಲಕ್ಕೆ ನಾನೂರು ಕಿಲೋಮೀಟರ್ ಮೀರಿದ ಹಾದಿ. ಯುಗಾದಿಗೆ ಮುಟ್ಟಬೇಕು. ಆ ದಿನವೇನೂ ನಮ್ಮ ಅನುಕೂಲ ನೋಡಿ ಬರುವುದಿಲ್ಲ. 2025ರಲ್ಲಿ ಮಾರ್ಚ್ 30ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ. ಆ ಹತ್ತು ದಿನದ ಅಂತರದಲ್ಲಿ ರಾಯಚೂರು ಸೀಮೆಯ ಬಿಸಿಲು ಎಷ್ಟು ಬದಲಾಗುತ್ತದೆಂದು ಆ ಕಡೆ ಹೆಣ್ಣು ಕೊಟ್ಟವರಿಗೆ ಗೊತ್ತು. ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡವರು, ಬರಿಗಾಲಿನವರು, ಬೂಟಿನವರು ಎಲ್ಲರೂ ಬೆಳಗಿನ ಜಾವ ಮತ್ತು ರಾತ್ರಿ ನಡೆಯುತ್ತಾರೆ, ಹೊತ್ತೇರಿದ ಮೇಲೆ ನೆರಳು ಹುಡುಕುತ್ತಾರೆ.

ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡುತ್ತಿದ್ದ ಕಾಲದಲ್ಲಿ ದಾರಿಯೇ ಮಂದಿಯನ್ನು ಸೋಸುತ್ತಿತ್ತು. ಮೊದಲ ಎರಡು ದಿನದ ನಡಿಗೆ ಕಠಿಣ. ಮೈಗೆ ರೂಢಿಯಿಲ್ಲ, ಬೆನ್ನಿಗೆ ಗಂಟು, ಕಾಲಿಗೆ ಗುಳ್ಳೆ. ಆಗದವನಿಗೆ ಆಗದು ಎಂಬುದು ಲೋಕಾಪುರದಲ್ಲೋ ಬಾಗಲಕೋಟೆಯಲ್ಲೋ ತಿಳಿಯುತ್ತಿತ್ತು. ಅಲ್ಲಿಂದ ಮನೆ ಹತ್ತಿರ. ಕೆಂಪು ಬಸ್ಸು ಹತ್ತಿದರೆ ಸಂಜೆಗೆ ಊರು. ಅವಮಾನವೂ ಚಿಕ್ಕದು, ನಾಲ್ಕು ದಿನ ನಕ್ಕು ಮರೆಯುವಷ್ಟು. ಈಗ ಆ ಎರಡು ದಿನವೇ ಇಡೀ ಯಾತ್ರೆಯ ಸುಖದ ಭಾಗ. ಊರ ಹತ್ತಿರ ಇದ್ದಷ್ಟೂ ಸೇವೆ ದಟ್ಟ. ಇಲ್ಲಿ ಮಜ್ಜಿಗೆ, ಅಲ್ಲಿ ಶರಬತ್ತು, ಮುಂದೆ ಹುಗ್ಗಿ, ಅದರಾಚೆ ಮಿರ್ಚಿ ಭಜಿ. ಗಂಟು ಹೊರಲು ಟ್ರ್ಯಾಕ್ಟರು ಜೊತೆಗೇ ಬರುತ್ತದೆ. ಕಾಲು ಒತ್ತಲು ಹುಡುಗರು, ಮಂಡಿಗೆ ಸ್ಪ್ರೇ, ನೋವಿಗೆ ಗುಳಿಗೆ. ಬಾಗಲಕೋಟೆಯಲ್ಲಿ ಮರಳಬೇಕಾಗಿದ್ದವನು ಹುನಗುಂದ ದಾಟುತ್ತಾನೆ, ಲಿಂಗಸುಗೂರು ದಾಟುತ್ತಾನೆ, ರಾಯಚೂರು ದಾಟಿ ಆಂಧ್ರದ ಆತ್ಮಕೂರು ಮುಟ್ಟುತ್ತಾನೆ. ಅವನ ಮೈ ಬಾಗಲಕೋಟೆಯಲ್ಲಿ ಹೇಳಬೇಕಿದ್ದ ಮಾತನ್ನು ಇನ್ನೂ ಹೇಳಿರುವುದಿಲ್ಲ.

ಹೇಳುವುದು ನಲ್ಲಮಲದ ಕಾಡಿನಲ್ಲಿ. ವೆಂಕಟಾಪುರದಿಂದ ಮುಂದೆ ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರ: ಹತ್ತಿರಹತ್ತಿರ 40 ಕಿಲೋಮೀಟರ್ ಕಾಲುದಾರಿ. ಇದು ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ಇದರ ಹೆಚ್ಚಿನ ಭಾಗಕ್ಕೆ ಟ್ರ್ಯಾಕ್ಟರಾಗಲಿ ಆಂಬುಲೆನ್ಸಾಗಲಿ ಬರಲಾರದು. ಭೀಮನ ಕೊಳ್ಳದಲ್ಲಿ ಕಲ್ಲುಮೆಟ್ಟಿಲು ಇಳಿದು, ತಳ ಮುಟ್ಟಿ, ಎದುರಿನ ದಿಬ್ಬವನ್ನು ಕೈಲಾಸ ದ್ವಾರದವರೆಗೆ ಏರಬೇಕು. ಸಾಲು ನಿಂತರೆ ನಿಂತೇ ಇರಬೇಕು. ಮುಂದಿನವನು ಕುಳಿತರೆ ಹಿಂದಿನವರೆಲ್ಲ ಕಾಯಬೇಕು. ಹಿಂದಕ್ಕೆ ಹೋಗುತ್ತೇನೆ ಎಂದರೆ ಬರುವವರ ಎದುರು ಈಜಬೇಕು.

ಇಡೀ ದಾರಿಯಲ್ಲಿ ಸೇವೆ ಮುಟ್ಟುವುದು ಎಲ್ಲಕ್ಕಿಂತ ಕಷ್ಟವಾದ ಜಾಗ ಇದು, ಮತ್ತು ಉಳಿದೆಲ್ಲ ಜಾಗದ ಸೇವೆ ಮಂದಿಯನ್ನು ತಂದು ಸುರಿಯುವುದೂ ಇಲ್ಲಿಗೇ. ನಡೆದು ಬಂದವರ ಜೊತೆಗೆ, ನಡೆಯಲು ರಜೆಯಿಲ್ಲದೆ ನೇರ ವೆಂಕಟಾಪುರಕ್ಕೆ ವಾಹನದಲ್ಲಿ ಬಂದು ಕಾಡಿನ ಭಾಗವನ್ನಷ್ಟೇ ನಡೆಯುವವರೂ ಸೇರುತ್ತಾರೆ. ಅವರ ಕಾಲು ಒಂದು ಕಿಲೋಮೀಟರನ್ನೂ ಕಂಡಿರುವುದಿಲ್ಲ. ಸೇವೆ ಅಪಾಯವನ್ನು ತೆಗೆದುಹಾಕಲಿಲ್ಲ, ಜಾಗ ಬದಲಿಸಿತು. ಮರಳಬಹುದಾದ ಕಡೆ ಇದ್ದದ್ದನ್ನು ಮರಳಲಾಗದ ಕಡೆಗೆ ಒಯ್ದಿಟ್ಟಿತು.

ಇದು ನಮ್ಮ ಊರಿನವರ ದಡ್ಡತನವಲ್ಲ. ಜಗತ್ತಿನ ಅತಿ ಎತ್ತರದ ಬೆಟ್ಟದಲ್ಲಿ, ಹತ್ತಾರು ಲಕ್ಷ ಹಣ ಸುರಿದು ಹೋಗುವವರ ನಡುವೆ, ಇದೇ ಆಟ ನಡೆದಿದೆ. 2019ರ ಮೇ 22ರಂದು ನೇಪಾಳದ ನಿರ್ಮಲ್ ಪುರ್ಜಾ ತೆಗೆದ ಎವರೆಸ್ಟ್ ಚಿತ್ರ ನೆನಪಿರಬಹುದು: ಶಿಖರದ ಏಣಿನ ಮೇಲೆ ಬಣ್ಣಬಣ್ಣದ ಅಂಗಿ ತೊಟ್ಟವರ ಸಾಲು, ರೇಷನ್ ಅಂಗಡಿಯ ಮುಂದಿನಂತೆ. ಆ ವರ್ಷ ನೇಪಾಳ 381 ಪರವಾನಗಿ ಕೊಟ್ಟಿತ್ತು. ಬೆಟ್ಟದ ಎರಡೂ ಬದಿ ಸೇರಿ ಆ ಹಂಗಾಮಿನಲ್ಲಿ 11 ಜನ ಸತ್ತರು. ನಮ್ಮ ಪತ್ರಿಕೆಗಳು ಆ ಚಿತ್ರ ಛಾಪಿಸಿ "ದುಡ್ಡಿದ್ದವರ ಹುಚ್ಚು" ಎಂದು ಬರೆದು ಕೈ ತೊಳೆದುಕೊಂಡವು. ಹುಚ್ಚಿಗಿಂತ ಅಲ್ಲಿ ಕೆಲಸ ಮಾಡಿದ್ದು ಸೇವೆ.

ಹೇಗೆಂದರೆ, ಕೆಳಗಿನ ಹಿಮಪ್ರವಾಹದಲ್ಲಿ ಏಣಿ ಹಾಕಿ ದಾರಿ ಮಾಡಿಕೊಡುವ ಶೆರ್ಪಾ ತಂಡವಿದೆ. ಶಿಖರದವರೆಗೂ ಹಗ್ಗ ಕಟ್ಟಿರುತ್ತದೆ. ಡೇರೆ, ಅಡಿಗೆ, ಸಿಲಿಂಡರು ಮೇಲಕ್ಕೆ ಮೊದಲೇ ಹೋಗಿರುತ್ತವೆ. ಆಮ್ಲಜನಕದ ಮುಖವಾಡ ಹಾಕಿಕೊಂಡವನ ಮೈಗೆ, ತಾನು ನಿಂತಿರುವುದು ನಿಜವಾದ ಎತ್ತರಕ್ಕಿಂತ ಸಾಕಷ್ಟು ಕೆಳಗೆ ಎಂದು ಅನ್ನಿಸುತ್ತದೆ. ಹೀಗೆ 8,000 ಮೀಟರಿನ ಕೆಳಗೆಯೇ ಸೋತು ಇಳಿಯಬೇಕಾಗಿದ್ದವನು ಅದರ ಮೇಲಕ್ಕೆ ಹೋಗಿ ಸಾಲಿನಲ್ಲಿ ನಿಲ್ಲುತ್ತಾನೆ. ನಿಂತರೂ ಸಿಲಿಂಡರು ಖರ್ಚಾಗುತ್ತದೆ. ಅದು ಮುಗಿದ ಗಳಿಗೆಯಲ್ಲಿ ಎತ್ತರ ತನ್ನ ಲೆಕ್ಕವನ್ನೆಲ್ಲ ಒಮ್ಮೆಗೇ ಕೇಳುತ್ತದೆ. ಹಗ್ಗ ಕಟ್ಟಿ ಮುಗಿದು, ಗಾಳಿ ತಗ್ಗುವ ಆ ಎರಡು-ಮೂರು ದಿನಕ್ಕೇ ಎಲ್ಲರೂ ಹೊರಡುವುದರಿಂದ ಸಾಲು ತಪ್ಪದು. ಅವರಿಗೆ ಹವಾಮಾನದ ಕಿಟಕಿ, ನಮಗೆ ಯುಗಾದಿ ಅಮಾವಾಸ್ಯೆ.

"ಹಾಗಾದರೆ ಸೇವೆ ಹೆಚ್ಚಾದ ಮೇಲೆ ಸಾವು ಹೆಚ್ಚಾಗಬೇಕಿತ್ತಲ್ಲ?" ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೇಮಂಡ್ ಹ್ಯೂಯಿ ಮತ್ತು ಸಂಗಡಿಗರು ಎವರೆಸ್ಟಿನ ದಾಖಲೆಗಳನ್ನು ಕೂಡಿಸಿ 2020ರಲ್ಲಿ ಉತ್ತರ ಪ್ರಕಟಿಸಿದರು. 1990ರಿಂದ 2005ರವರೆಗೆ ಮೊದಲ ಸಲ ಹತ್ತಿದವರಲ್ಲಿ ಮೂರರಲ್ಲಿ ಒಂದು ಭಾಗ ಶಿಖರ ಮುಟ್ಟುತ್ತಿತ್ತು. 2006ರಿಂದ 2019ರ ಅವಧಿಯಲ್ಲಿ ಮೂರರಲ್ಲಿ ಎರಡು ಭಾಗ ಮುಟ್ಟಿತು. ಶಿಖರದ ಹಾದಿಯ ದಟ್ಟಣೆ ನಾಲ್ಕು ಪಟ್ಟಾಯಿತು. ಸಾವಿನ ಪ್ರಮಾಣ? ನೂರಕ್ಕೆ ಒಂದರ ಆಸುಪಾಸಿನಲ್ಲೇ ಉಳಿಯಿತು. ದಟ್ಟಣೆಯೊಂದೇ ಸಾವನ್ನು ಹೆಚ್ಚಿಸಿತೆಂದು ಅವರ ಲೆಕ್ಕದಲ್ಲಿ ಕಾಣಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಬಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ವಾದಕ್ಕೆ ಬೇಕಾದದ್ದು ಬೇರೆ. ಅಷ್ಟು ಹಗ್ಗ, ಅಷ್ಟು ಆಮ್ಲಜನಕ, ಅಷ್ಟು ನಿಖರ ಹವಾಮಾನ ವರದಿ ಬಂದ ಮೇಲೂ ಆ ನೂರಕ್ಕೆ ಒಂದು ಎನ್ನುವುದು ಯಾಕೆ ಇಳಿದು ಹೋಗಲಿಲ್ಲ? ನೆರವಿನಿಂದ ಗಳಿಸಿದ್ದೆಲ್ಲ ಸುರಕ್ಷತೆಯ ಖಾತೆಗೆ ಜಮಾ ಆಗಲಿಲ್ಲ. ಅದು ಹೆಚ್ಚು ಜನರ, ಹೆಚ್ಚು ವಯಸ್ಸಿನವರ, ಕಡಿಮೆ ಅನುಭವದವರ ಖಾತೆಗೆ ಹೋಯಿತು. ಪ್ರಮಾಣ ಅಷ್ಟೇ, ಹತ್ತುವವರು ಹೆಚ್ಚು. ಹೆಣಗಳ ಸಂಖ್ಯೆ ಎಷ್ಟಾಗುತ್ತದೆಂದು ಮೂರನೆಯ ಇಯತ್ತೆಯ ಹುಡುಗನೂ ಗುಣಿಸಿ ಹೇಳುತ್ತಾನೆ.

ಅಲ್ಲಿಯ ಆಮ್ಲಜನಕಕ್ಕೆ ಸರಿಸಮನಾದದ್ದು ನಮ್ಮ ದಾರಿಯಲ್ಲಿ ನೋವಿನ ಗುಳಿಗೆ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಪೆಂಡಾಲಿನ ಮೇಜಿನ ಮೇಲೆ ಅದನ್ನು ಪೆಪ್ಪರ್‌ಮಿಂಟಿನಂತೆ ಹಂಚುವುದನ್ನು ಕಂಡಿದ್ದೇನೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳು ನೋವು ತಗ್ಗಿಸುವಾಗಲೇ ಮೂತ್ರಪಿಂಡಕ್ಕೆ ರಕ್ತ ಹರಿಯುವ ವ್ಯವಸ್ಥೆಯ ಮೇಲೂ ಕೈ ಹಾಕುತ್ತವೆ. ಮೈಯಲ್ಲಿ ನೀರು ಸಾಕಷ್ಟಿದ್ದಾಗ ಹೆಚ್ಚಿನವರಿಗೆ ಅದು ನಡೆದುಹೋಗುತ್ತದೆ. ದಿನಗಟ್ಟಲೆ ಬೆವರಿ, ನೀರು-ಉಪ್ಪು ಎರಡೂ ಕಡಿಮೆಯಾಗಿ, ಸ್ನಾಯುಗಳು ದಣಿದಿರುವಾಗ ಅದೇ ಗುಳಿಗೆ ಮೂತ್ರಪಿಂಡವನ್ನು ಕೆಡಿಸಬಲ್ಲದು. ಬಿಪಿ, ಸಕ್ಕರೆ ಕಾಯಿಲೆಗೆ ಮೊದಲೇ ಔಷಧ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಕೊಡುವ ಹುಡುಗ ಡಾಕ್ಟರಲ್ಲ, ಪುಣ್ಯ ಕಟ್ಟಿಕೊಳ್ಳಲು ಬಂದವನು. ತೆಗೆದುಕೊಳ್ಳುವವನು ಹಿಂದಿನ ಪೆಂಡಾಲಿನಲ್ಲಿ ಒಂದು ನುಂಗಿದ್ದನ್ನು ಹೇಳುವುದಿಲ್ಲ. ನೋವು ಹೇಳುವುದು ನಿಲ್ಲು ಎಂದು. ನಾವು ಅದರ ಬಾಯಿ ಮುಚ್ಚಿಸಿ ನಡೆ ಎನ್ನುತ್ತೇವೆ, ಅದಕ್ಕೂ ಸೇವೆ ಎಂದೇ ಹೆಸರು.

ಇನ್ನು ಛಲದ ಮಾತು. ನಮ್ಮ ಸೀಮೆಗೆ ಛಲ ಹೊಸದಲ್ಲ. ನಮ್ಮೂರಿನ ಬಳೆಗಾರ ಮನೆಯ ರನ್ನನೇ ಅದಕ್ಕೆ ಕಾವ್ಯ ಕಟ್ಟಿದ. ಅವನ ಗದಾಯುದ್ಧದಲ್ಲಿ ಹನ್ನೊಂದು ಅಕ್ಷೋಹಿಣಿ ಸೈನ್ಯ ಕಳೆದುಕೊಂಡ ದುರ್ಯೋಧನನಿಗೆ ತಂದೆ ತಾಯಿ ಸಂಧಿ ಮಾಡಿಕೋ ಎನ್ನುತ್ತಾರೆ, ಶರಶಯ್ಯೆಯ ಭೀಷ್ಮ ಹೇಳುತ್ತಾನೆ. ಅವನು ಒಪ್ಪುವುದಿಲ್ಲ. ಸಾವಿರ ವರ್ಷದಿಂದ ನಾವು ಆ ಒಪ್ಪದಿರುವಿಕೆಗೆ ತಲೆದೂಗುತ್ತ ಬಂದಿದ್ದೇವೆ, ನಾನೂ ತಲೆದೂಗುತ್ತೇನೆ. ಆದರೆ ರನ್ನ ಅವನನ್ನು ಆ ರಣರಂಗದಲ್ಲಿ ಎಷ್ಟು ಹೆಣಗಳ ನಡುವೆ ನಡೆಸುತ್ತಾನೆ ಎಂಬುದನ್ನು ತಲೆದೂಗುವವರು ಮರೆಯುತ್ತಾರೆ. ತನ್ನವರು ತನಗಾಗಿ ಕೊಟ್ಟಷ್ಟೂ ಹಿಂದೆ ಸರಿಯುವುದು ಅವನಿಗೆ ಕಷ್ಟವಾಯಿತು.

ಯಾತ್ರಿಕನಿಗೂ ಅದೇ. ದಾರಿಯಲ್ಲಿ ಪಾದ ತೊಳೆದು ನಮಸ್ಕಾರ ಮಾಡಿಸಿಕೊಂಡವನು, ಕಂಡವರ ಕೈಯಿಂದ ಹುಗ್ಗಿ ತಿಂದವನು, ವಾಟ್ಸಾಪಿನಲ್ಲಿ ಊರಿಗೆಲ್ಲ ಫೋಟೋ ಕಳಿಸಿದವನು ಆತ್ಮಕೂರಿನಲ್ಲಿ "ನನ್ನಿಂದ ಆಗೂದಿಲ್ಲ" ಎನ್ನುವುದು ಹೇಗೆ? ಅವನ ಹರಕೆ ಶ್ರೀಶೈಲದ ಮಲ್ಲಯ್ಯನಿಗೆ ಮಾತ್ರ ಇತ್ತು. ಈಗ ಅದು ನೂರಾರು ದಾನಿಗಳಿಗೂ ಬಾಕಿ. 1996ರ ಎವರೆಸ್ಟ್ ದುರಂತದಲ್ಲಿ ಡಗ್ ಹ್ಯಾನ್ಸನ್ ಎಂಬ ಅಮೆರಿಕದ ಅಂಚೆ ನೌಕರನಿದ್ದ. ಹಿಂದಿನ ವರ್ಷ ಶಿಖರದ ಹತ್ತಿರದಿಂದ ಮರಳಿದ್ದವನು. ಮತ್ತೆ ಬಾ ಎಂದು ಒತ್ತಾಯಿಸಿ, ಶುಲ್ಕ ಇಳಿಸಿ ಕರೆತಂದವನು ಅವನ ಮಾರ್ಗದರ್ಶಿ ರಾಬ್ ಹಾಲ್. ಮಧ್ಯಾಹ್ನ ಎರಡರೊಳಗೆ ಎಲ್ಲಿದ್ದರೂ ಇಳಿಯಬೇಕೆಂಬುದು ಹಾಲ್‌ನದೇ ನಿಯಮ. ಮೇ 10ರಂದು ನಾಲ್ಕು ಗಂಟೆ ದಾಟಿದ ಮೇಲೆ ಇಬ್ಬರೂ ಶಿಖರದಲ್ಲಿದ್ದರು. ಇಬ್ಬರೂ ಮರಳಲಿಲ್ಲ. ಆ ಬಿರುಗಾಳಿ ಒಟ್ಟು ಎಂಟು ಜನರನ್ನು ತಿಂದಿತು. ಹಾಲ್ ಕೆಟ್ಟ ಮಾರ್ಗದರ್ಶಿಯಲ್ಲ, ಆಗಿನ ಅತ್ಯುತ್ತಮರಲ್ಲಿ ಒಬ್ಬ. ಅವನ ಪ್ರೀತಿಯೇ ಅವನಿಗೆ ಇಳಿ ಎನ್ನುವ ಬಾಯಿ ಕಟ್ಟಿತು ಎಂದು ನನ್ನ ಓದು.

ಹಾಗೆ ನೋಡಿದರೆ ನಮ್ಮ ಪದ್ಧತಿಗೆ ಮರಳುವ ದಾರಿ ಗೊತ್ತಿತ್ತು. ಊರಿನ ಕಂಬಿ ಹೊರಡುವಾಗ ಹೋಗಲಾಗದವರು ಕಾಯಿ, ಕಾಣಿಕೆ ಅದರ ಜೊತೆ ಕೊಟ್ಟು ಕಳಿಸುತ್ತಾರೆ. ಕಂಬಿ ಒಬ್ಬನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ಹೋಗುತ್ತದೆ. ಹೆಗಲು ಬದಲಾದರೆ ಹರಕೆ ಕೆಡುವುದಿಲ್ಲ. ಈ ವ್ಯವಸ್ಥೆಯಲ್ಲಿ ಸೋಲು ಎಂಬುದೇ ಇಲ್ಲ, ಕೈದಾಟಿಸುವುದಿದೆ. ಅದನ್ನು ಬಿಟ್ಟು ನಾವು ಒಬ್ಬೊಬ್ಬನ ಕಾಲಿಗೂ ಒಂದೊಂದು ಶಿಖರ ಕಟ್ಟಿದ್ದೇವೆ.

ದಟ್ಟಣೆಯ ವಿಷಯಕ್ಕೆ ಬಂದರೆ ಕೂಡಲೇ ಕೇಳಿಬರುವ ಉತ್ತರ: "ಇನ್ನಷ್ಟು ವ್ಯವಸ್ಥೆ ಮಾಡಿ." ಇನ್ನಷ್ಟು ವ್ಯವಸ್ಥೆ ಇನ್ನಷ್ಟು ಜನರನ್ನು ತರುತ್ತದೆ, ಕೊಳ್ಳ ಅಷ್ಟೇ ಅಗಲ ಇರುತ್ತದೆ, ಶ್ರೀಶೈಲದ ಬೀದಿಯೂ ಅಷ್ಟೇ. 2022ರ ಮಾರ್ಚ್ ಕೊನೆಗೆ, ಯುಗಾದಿಗೆ ಮುನ್ನ, ಅಲ್ಲಿ ಅಂಗಡಿಯ ಮುಂದೆ ಶುರುವಾದ ಜಗಳ ಕನ್ನಡದ ಯಾತ್ರಿಕನೊಬ್ಬನ ಮೇಲಿನ ಹಲ್ಲೆಗೆ, ಅಂಗಡಿ-ವಾಹನಗಳ ಧ್ವಂಸಕ್ಕೆ ತಿರುಗಿತ್ತು. ನಮ್ಮವರು ಅದನ್ನು ತೆಲುಗರು-ಕನ್ನಡಿಗರ ಜಗಳವೆಂದು ಓದಿದರು. ಆಡಳಿತಕ್ಕೂ ಹಾಗೇ ಓದುವುದು ಅನುಕೂಲ. ನಿದ್ದೆಗೆಟ್ಟು, ಕಾಲು ಸೋತು, ನಿಲ್ಲಲು ಜಾಗವಿಲ್ಲದ ಲಕ್ಷ ಜನರನ್ನು ಒಂದೇ ವಾರದಲ್ಲಿ ಒಂದು ಸಣ್ಣ ಊರಿಗೆ ತುಂಬಿದರೆ ಭಾಷೆ ಒಂದೇ ಇದ್ದರೂ ಕೈ ಮಿಲಾಯಿಸುತ್ತಾರೆ.

1996ರ ಆಗಸ್ಟಿನಲ್ಲಿ ಅಮರನಾಥದಲ್ಲಿ ಆದದ್ದು ಇದಕ್ಕಿಂತ ಭಯಂಕರ. ಕೆಲವೇ ದಿನಗಳಲ್ಲಿ ಭಾರಿ ಸಂಖ್ಯೆಯ ಯಾತ್ರಿಕರು ಒಟ್ಟಿಗೆ ನುಗ್ಗಿದ್ದರು, ಅಕಾಲದ ಹಿಮಮಳೆ ಹಿಡಿಯಿತು, 240ಕ್ಕೂ ಹೆಚ್ಚು ಜನ ಸತ್ತರು. ಆ ಮೇಲೆ ನೇಮಿಸಿದ ನಿತೀಶ್ ಸೇನ್‌ಗುಪ್ತ ಸಮಿತಿ ಮೊದಲು ಹೇಳಿದ ಮಾತುಗಳಲ್ಲಿ ಸಂಖ್ಯೆಗೆ ಮಿತಿ ಹಾಕಿ ಎಂಬುದೂ ಒಂದು. ಈಗ ಅಲ್ಲಿ ವೈದ್ಯರ ಪ್ರಮಾಣಪತ್ರ ಇಲ್ಲದೆ ನೋಂದಣಿಯೇ ಇಲ್ಲ. ತಿರುಮಲದ ಅಲಿಪಿರಿ ಕಾಲುದಾರಿಯಲ್ಲಿ 2023ರ ಆಗಸ್ಟಿನಲ್ಲಿ ಚಿರತೆ ಒಂದು ಹೆಣ್ಣುಮಗುವನ್ನು ಕೊಂದ ಮೇಲೆ, 15 ವರ್ಷದೊಳಗಿನ ಮಕ್ಕಳನ್ನು ಮಧ್ಯಾಹ್ನ ಎರಡರ ನಂತರ ಬಿಡುವುದು ನಿಲ್ಲಿಸಿದರು. ದೇವರ ದಾರಿಗೆ ಗಡಿಯಾರ ಕಟ್ಟಿದರೆಂದು ತಿಮ್ಮಪ್ಪ ಮುನಿಸಿಕೊಂಡ ಸುದ್ದಿಯಿಲ್ಲ. ನಮ್ಮ ರಾಜ್ಯದಲ್ಲೇ 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿಯೊಂದಿಗೆ ತೆರೆಯಿತು. ಬೆಂಗಳೂರಿನ ಐಟಿ ಹುಡುಗರು ಪಾಲಿಸಬಹುದಾದ ಮಿತಿ ಮಲ್ಲಯ್ಯನ ಭಕ್ತರಿಗೆ ಅವಮಾನ ಹೇಗಾಗುತ್ತದೆ?

ನೇಪಾಳ ಕಂಡುಕೊಂಡ ಉಪಾಯ ಮಾತ್ರ ನಮಗೆ ಬೇಡ. ಅದು 2025ರ ಸೆಪ್ಟೆಂಬರಿನಿಂದ ಎವರೆಸ್ಟ್ ಪರವಾನಗಿಯನ್ನು 11 ಸಾವಿರ ಡಾಲರಿನಿಂದ 15 ಸಾವಿರಕ್ಕೆ ಏರಿಸಿದೆ. ಬೆಲೆ ಏರಿಸಿದರೆ ಬಡವ ಹೊರಗುಳಿಯುತ್ತಾನೆ, ಅಶಕ್ತ ಶ್ರೀಮಂತ ಒಳಗೇ ಇರುತ್ತಾನೆ. ಮಗ್ಗದವನ, ಕಬ್ಬು ಕಡಿಯುವವನ ಯಾತ್ರೆಗೆ ಅಂಥ ಜರಡಿ ಹಿಡಿಯುವುದು ಪಾಪ.

ಬೇಕಾದದ್ದು ಸೇವೆಯ ದಿಕ್ಕು ತಿರುಗಿಸುವುದು. ಮೊದಲ ಐವತ್ತು ಕಿಲೋಮೀಟರಿನಲ್ಲಿ ನೀರು, ನೆರಳು ಇರಲಿ. ಹತ್ತು ಹೆಜ್ಜೆಗೊಂದು ಹುಗ್ಗಿಯ ಪಾತ್ರೆ ಬೇಡ. ಗಂಟು ಅವರವರ ಬೆನ್ನಿಗಿರಲಿ, ಟ್ರ್ಯಾಕ್ಟರು ಹುನಗುಂದದ ಆಚೆ ಬರಲಿ. ಆಗದವನಿಗೆ ಆಗದು ಎಂಬುದು ಮನೆಯ ಹತ್ತಿರವೇ ಗೊತ್ತಾಗಲಿ. ಗುಳಿಗೆಯ ಮೇಜನ್ನು ಎತ್ತಿಬಿಡಿ, ಅಲ್ಲಿ ಒಬ್ಬ ನರ್ಸ್ ಬಿಪಿ ಯಂತ್ರ, ಓಆರ್‌ಎಸ್ ಪುಡಿ ಇಟ್ಟುಕೊಂಡು ಕೂರಲಿ. ಊರಲ್ಲಿ ನೆರೆದ ದಾನಿಗಳೆಲ್ಲ ಹೆದ್ದಾರಿಯಲ್ಲಿ ಒತ್ತೊತ್ತಾಗಿ ಪೆಂಡಾಲು ಹಾಕುವ ಬದಲು ಆಂಧ್ರದ ಅರಣ್ಯ ಇಲಾಖೆಯ ಜೊತೆ ಕೂತು, ವೆಂಕಟಾಪುರದ ಬಾಗಿಲಿನಿಂದ ಗಂಟೆಗೆ ಇಷ್ಟೇ ಜನ ಎಂದು ಬಿಡುವ ವ್ಯವಸ್ಥೆಗೆ ಕೈಜೋಡಿಸಲಿ. ಕಾಯುವವರಿಗೆ ಅಲ್ಲಿ ದಾಸೋಹ ನಡೆಸಲಿ. ಅನ್ನ ಹಾಕಲು ಅದಕ್ಕಿಂತ ಒಳ್ಳೆಯ ಜಾಗ ಇಡೀ ದಾರಿಯಲ್ಲಿಲ್ಲ.

ಇದಕ್ಕೆಲ್ಲ ಮೊದಲು ಬೇಕಾದದ್ದು ಹಿಂದಕ್ಕೆ ಬರುವ ಬಸ್ಸು. ಶ್ರೀಶೈಲ ಮುಟ್ಟಿದವರನ್ನು ಕರೆತರಲು ಸಾರಿಗೆ ಸಂಸ್ಥೆ ವಿಶೇಷ ಬಸ್ಸು ಬಿಡುತ್ತದೆ. ಮುಟ್ಟದವರಿಗೆ? ರಾಯಚೂರಿನವರೆಗಾದರೆ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಪುಕ್ಕಟೆ ಟಿಕೀಟಾದರೂ ಇದೆ. ಗಡಿ ದಾಟಿ ಆತ್ಮಕೂರಿನಲ್ಲಿ ಮಂಡಿ ಊದಿಸಿಕೊಂಡು ಕೂತ ಅರವತ್ತು ದಾಟಿದ ಹಿರಿಯನಿಗೆ ಮುಂದಕ್ಕೆ ನಡೆಯುವುದೇ ಅಗ್ಗ. ಅವನ ಹತ್ತಿರ ಕೂತು, "ಇಲ್ಲಿಗಿ ಬಂದದ್ದ ಮಲ್ಲಯ್ಯಗ ಮುಟ್ಟೇತ್ರಿ ಯಜ್ಜಾ, ನಿಮ್ಮ ಕಾಯಿ ನಾ ಒಯ್ತೀನಿ, ನೀವು ಬಸ್ ಹತ್ರಿ" ಎಂದು ಹೇಳಲು ಊರಿನ ಒಬ್ಬ ಹಿರಿಯ, ಸಾಧ್ಯವಾದರೆ ಒಬ್ಬ ಜಂಗಮ, ಅಲ್ಲಿರಬೇಕು. ಪಾದ ತೊಳೆದು ನಮಸ್ಕರಿಸುವ ಗೌರವ ಮರಳುವವನಿಗೂ ಸಿಗಬೇಕು.

ಈ ಮಾತನ್ನು ಎತ್ತಿದಾಗಲೆಲ್ಲ ಒಂದೇ ಆಕ್ಷೇಪ ಬರುತ್ತದೆ: ಹಿಂದಕ್ಕೆ ಕಳಿಸುವ ಬಸ್ಸಿಗೆ ದಾನ ಕೊಡುವವರು ಯಾರು, ಅದರಲ್ಲಿ ಯಾರ ಹೆಸರು ಬರುತ್ತದೆ? ಖರ್ಚಿನ ಮಾತಾದರೆ ಒಂದು ದಿನದ ಮಿರ್ಚಿ ಭಜಿಯ ಎಣ್ಣೆಗಿಂತ ಡೀಸೆಲ್ ತುಟ್ಟಿಯಲ್ಲ. ಹೆಸರಿನ ಮಾತಾದರೆ ಫ್ಲೆಕ್ಸನ್ನು ಆ ಬಸ್ಸಿನ ಎರಡೂ ಬದಿಗೆ ಹಚ್ಚಿಕೊಳ್ಳಲಿ, ಫೋಟೋ ಎಷ್ಟು ದೊಡ್ಡದಿದ್ದರೂ ನನ್ನ ತಕರಾರಿಲ್ಲ.